ಐಸಿಯುವಿನಲ್ಲಿರುವ ಮಗುವಿನ ರಕ್ತದ ಸಕ್ಕರೆ 212 ಬಂದರೆ ಅದು ಮಧುಮೇಹವೇ?

ನಿಮ್ಮ ನಾಲ್ಕು ವರ್ಷದ ಮಗಳು ನ್ಯುಮೋನಿಯಾದಿಂದ ಐಸಿಯುವಿನಲ್ಲಿದ್ದಾಳೆ, ರಕ್ತದ ಸಕ್ಕರೆ 212 ಬಂದಿದೆ, ಆದರೂ ವೈದ್ಯರು ಇನ್ಸುಲಿನ್ ಕೊಡದೆ ‘ನೋಡೋಣ’ ಎನ್ನುತ್ತಿದ್ದಾರೆ. ಇದು ಮಧುಮೇಹದ ಆರಂಭವೇ ಎಂದು ಕೇಳಿದ್ದೀರಿ. ಮಕ್ಕಳ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುವ ವೈದ್ಯೆಯಾಗಿ ಹೇಳುವುದಾದರೆ, ಕಾಯಿಲೆಯ ಒತ್ತಡದಿಂದ ಸಕ್ಕರೆ ತಾತ್ಕಾಲಿಕವಾಗಿ ಏರಿರುವ ಸಾಧ್ಯತೆಯೇ ಹೆಚ್ಚು.

ತೀವ್ರ ಸೋಂಕು, ಸುಟ್ಟಗಾಯ ಅಥವಾ ದೊಡ್ಡ ಶಸ್ತ್ರಚಿಕಿತ್ಸೆಯಾದಾಗ ದೇಹವು ಅಡ್ರಿನಲಿನ್, ಕಾರ್ಟಿಸಾಲ್, ಗ್ಲುಕಗಾನ್ ಮುಂತಾದ ಹಾರ್ಮೋನುಗಳನ್ನು ಹೆಚ್ಚಾಗಿ ಸ್ರವಿಸುತ್ತದೆ. ಇವುಗಳ ಪ್ರಭಾವದಿಂದ ಯಕೃತ್ತು ಕೂಡಿಟ್ಟ ಗ್ಲೂಕೋಸನ್ನು ರಕ್ತಕ್ಕೆ ಬಿಡುವುದಲ್ಲದೆ ಹೊಸದಾಗಿಯೂ ತಯಾರಿಸುತ್ತದೆ. ಅದೇ ಹೊತ್ತಿಗೆ ಸ್ನಾಯುಗಳ ಮೇಲೆ ಇನ್ಸುಲಿನ್‌ನ ಪರಿಣಾಮ ಕುಗ್ಗುತ್ತದೆ. ಸ್ಟೀರಾಯ್ಡ್, ಉಸಿರಾಟ ಸಲೀಸಾಗಲು ಆವಿಯಾಗಿ ಕೊಡುವ ಸಾಲ್ಬುಟಮಾಲ್ ಔಷಧ (ನೆಬ್ಯುಲೈಸೇಷನ್) ಮತ್ತು ಡ್ರಿಪ್‌ನಲ್ಲಿರುವ ಡೆಕ್ಸ್‌ಟ್ರೋಸ್ ಎಂಬ ಗ್ಲೂಕೋಸ್ ಕೂಡ ಸಕ್ಕರೆಯನ್ನು ಏರಿಸಬಲ್ಲವು.

ರಕ್ತ ತೆಗೆದ ರೀತಿಯನ್ನೂ ಗಮನಿಸಬೇಕು. ಡೆಕ್ಸ್‌ಟ್ರೋಸ್ ಹರಿಯುತ್ತಿರುವ ಕೈಯಿಂದಲೇ, ಸೂಜಿಯ ಮೇಲ್ಭಾಗದಲ್ಲಿ ರಕ್ತ ತೆಗೆದರೆ, ಅಥವಾ ಸಿಹಿ ಸಿರಪ್ ಮುಟ್ಟಿದ ಬೆರಳನ್ನು ತೊಳೆಯದೆ ಚುಚ್ಚಿದರೆ, ಮೀಟರ್ ಸುಳ್ಳು ಏರಿಕೆ ತೋರಿಸುತ್ತದೆ. ಆದ್ದರಿಂದ ಒಂದೇ ಅಂಕಿಯನ್ನು ನೋಡಿ ತೀರ್ಮಾನಿಸದೆ ಬೇರೆ ಕೈಯಿಂದ ಮತ್ತೊಮ್ಮೆ ಪರೀಕ್ಷಿಸುವುದು ಸರಿಯಾದ ಕ್ರಮ.

ಇನ್ನು ಇನ್ಸುಲಿನ್ ವಿಚಾರ. ನಿಮ್ಮ ವೈದ್ಯರು ಕಾಯುತ್ತಿರುವುದನ್ನು ನಿರ್ಲಕ್ಷ್ಯವೆಂದು ದಯವಿಟ್ಟು ಭಾವಿಸಬೇಡಿ. ತೀವ್ರ ಕಾಯಿಲೆಯ ಮಕ್ಕಳಲ್ಲಿ ಸಕ್ಕರೆಯನ್ನು 80ರಿಂದ 110ರೊಳಗೆ ಬಿಗಿಯಾಗಿ ಹಿಡಿಯುವುದಕ್ಕೂ 150ರಿಂದ 180ರ ನಡುವೆ ಇರಿಸುವುದಕ್ಕೂ ಹೋಲಿಕೆ ಮಾಡಿದ ದೊಡ್ಡ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಬಿಗಿ ನಿಯಂತ್ರಣದಿಂದ ಮಕ್ಕಳು ಬೇಗ ಐಸಿಯುವಿನಿಂದ ಹೊರಬರಲಿಲ್ಲ; ಬದಲಿಗೆ ಸಕ್ಕರೆ ಅಪಾಯಕರವಾಗಿ ಕುಸಿದ ಪ್ರಸಂಗಗಳು ಆ ಗುಂಪಿನಲ್ಲೇ ಹೆಚ್ಚಾಗಿ ಕಂಡುಬಂದವು. ಬೆಳೆಯುತ್ತಿರುವ ಮೆದುಳಿಗೆ ಹಾಗೆ ಕುಸಿಯುವುದು ಅಪಾಯಕಾರಿ, ಅದರಲ್ಲೂ ನಿದ್ರೆಯ ಔಷಧ ಪಡೆಯುತ್ತಿರುವ ಮಗು ಬೆವರು, ನಡುಕಗಳ ತೊಂದರೆಯನ್ನು ಹೇಳಿಕೊಳ್ಳಲಾರದು. ಹೀಗಾಗಿ ಮೊದಲು ಡ್ರಿಪ್‌ನ ಡೆಕ್ಸ್‌ಟ್ರೋಸ್ ಪ್ರಮಾಣವನ್ನೂ ಔಷಧಗಳನ್ನೂ ಪರಿಶೀಲಿಸಿ, ಸಕ್ಕರೆ ಏರಿಯೇ ಉಳಿದರೆ ಮಾತ್ರ ಇನ್ಸುಲಿನ್ ಆರಂಭಿಸುವುದು ವಿವೇಕದ ದಾರಿ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಮಧುಮೇಹವನ್ನು ಮರೆಯುವಂತಿಲ್ಲ. ಆಸ್ಪತ್ರೆ ಸೇರುವ ಮುನ್ನ ವಾರಗಟ್ಟಲೆ ಮಗಳು ವಿಪರೀತ ನೀರು ಕುಡಿಯುತ್ತಿದ್ದಳೇ, ಪದೇಪದೇ ಮೂತ್ರಕ್ಕೆ ಹೋಗುತ್ತಿದ್ದಳೇ, ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿತ್ತೇ, ಚೆನ್ನಾಗಿ ತಿಂದರೂ ತೂಕ ಇಳಿದಿತ್ತೇ? ಇವುಗಳಲ್ಲಿ ಯಾವುದಾದರೂ ಇದ್ದಿದ್ದರೆ ಇಂದೇ ವೈದ್ಯರಿಗೆ ತಿಳಿಸಿ. ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಬಳಸುವಾಗ ಹೆಚ್ಚುವ ವಸ್ತು) ಮತ್ತು ಎಚ್‌ಬಿಎ1ಸಿ ಪರೀಕ್ಷೆಗಳಾಗಿವೆಯೇ ಎಂದೂ ಕೇಳಿ. ಎಚ್‌ಬಿಎ1ಸಿ ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ಬಿಂಬಿಸುವುದರಿಂದ ಕೆಲವೇ ದಿನಗಳ ಏರಿಕೆಗೆ ಅಷ್ಟಾಗಿ ಬದಲಾಗುವುದಿಲ್ಲ, 6.5 ಶೇಕಡಾ ಅಥವಾ ಹೆಚ್ಚಿದ್ದರೆ ಮಧುಮೇಹದ ತನಿಖೆ ಮುಂದುವರಿಸಬೇಕು. ಆದರೆ ಚಿಕ್ಕ ಮಕ್ಕಳಲ್ಲಿ ಟೈಪ್ 1 ಮಧುಮೇಹ (ದೇಹದಲ್ಲಿ ಇನ್ಸುಲಿನ್ ತಯಾರಿಕೆಯೇ ಕುಂದುವ ಬಗೆ) ಬೇಗ ಬೆಳೆಯಬಲ್ಲದು, ರಕ್ತಹೀನತೆ ಅಥವಾ ರಕ್ತ ಕೊಡಿಸಿದ್ದರೂ ಫಲಿತಾಂಶ ತಪ್ಪಬಹುದು, ಆದ್ದರಿಂದ ಅದೊಂದು ಸಹಜವಾಗಿದೆ ಎಂದು ಪೂರ್ತಿ ನಿಶ್ಚಿಂತರಾಗುವಂತಿಲ್ಲ.

ಸೋಂಕು ಇಳಿದಂತೆ ಸಕ್ಕರೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಮನೆಗೆ ಹೋದ ಕೆಲವು ವಾರಗಳ ನಂತರ ಖಾಲಿ ಹೊಟ್ಟೆಯ ಸಕ್ಕರೆಯನ್ನು ಒಮ್ಮೆ ಪರೀಕ್ಷಿಸಲು ಕೇಳಿಕೊಳ್ಳಿ. ಅದಕ್ಕೂ ಮೊದಲೇ ಅತಿಯಾದ ಬಾಯಾರಿಕೆ, ವಾಂತಿ ಅಥವಾ ದೀರ್ಘ ಏದುಸಿರು ಕಂಡರೆ ಆ ದಿನಕ್ಕೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆತನ್ನಿ.