ಲಾರಿ ಇಲ್ಲದ ಘಟ್ಟ ಯಾವುದು?

ಸೈಕಲ್ ಸವಾರಿ: ಓದುಗರ ಪ್ರಶ್ನೆ, ಶಿರಸಿಯಿಂದ ಉತ್ತರ

ಮಳೆಗಾಲ ಮುಗಿದ ಮೇಲೆ ನಾವು ನಾಲ್ವರು ಗೆಳೆಯರು ಮತ್ತೆ ಘಟ್ಟ ಇಳಿಯಬೇಕು ಅಂತಿದ್ದೇವೆ. ಹೋದ ಸಲ ಅರಬೈಲ್ ಘಟ್ಟದಲ್ಲಿ ಇಳಿದೆವು. ಲಾರಿ ಹಾರ್ನ್ ಬಿಟ್ಟರೆ ಬೇರೇನೂ ನೆನಪಿಲ್ಲ. ಸದ್ದಿಲ್ಲದ ದಾರಿ ಯಾವುದಾದರೂ ಇದ್ದರೆ ಹೇಳಿ ಮೇಡಂ.
– ಹುಬ್ಬಳ್ಳಿಯ ಓದುಗರು

ಅರಬೈಲ್‌ನಲ್ಲಿ ಲಾರಿ ಬಿಟ್ಟು ಇನ್ನೇನು ಸಿಗುತ್ತೆ! ಅದು ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ. ನಾನು ದಾರಿ ಹುಡುಕುವಾಗ ಮೊದಲು ಘಟ್ಟದ ಚೆಂದ ನೋಡುವುದಿಲ್ಲ. ಅದರ ಅಕ್ಕಪಕ್ಕ ಅದಕ್ಕಿಂತ ಅಗಲವಾದ ಇನ್ನೊಂದು ರಸ್ತೆ ಇದೆಯಾ ಅಂತ ನೋಡುತ್ತೇನೆ. ಇದ್ದರೆ ಲಾರಿ, ಟೂರಿಸ್ಟ್ ಬಸ್ಸು ಎಲ್ಲ ಅಲ್ಲಿಗೆ ಹೋಗುತ್ತವೆ, ಸಣ್ಣ ರಸ್ತೆ ನಮ್ಮ ಪಾಲಿಗೆ ಉಳಿಯುತ್ತದೆ.

ಈ ಲೆಕ್ಕದಲ್ಲಿ ನಾನು ಹೇಳುವುದು ದೊಡ್ಮನೆ ಘಟ್ಟ. ಉತ್ತರಕ್ಕೆ ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟ ಇದೆ, ರಾಷ್ಟ್ರೀಯ ಹೆದ್ದಾರಿ. ದಕ್ಷಿಣಕ್ಕೆ ಮಾವಿನಗುಂಡಿಯಿಂದ ಗೇರುಸೊಪ್ಪೆಗೆ ಇಳಿಯುವ ಘಟ್ಟ, ಅದೂ ರಾಷ್ಟ್ರೀಯ ಹೆದ್ದಾರಿ. ಇವೆರಡರ ನಡುವೆ ಸಿದ್ದಾಪುರದಿಂದ ಕುಮಟಾಕ್ಕೆ ಇಳಿಯುವ ದಾರಿ ಇದು. ಎಲ್ಲ ಸೇರಿ ಅರವತ್ತು ಕಿ.ಮೀ. ಆಸುಪಾಸು. ಬೆಳಿಗ್ಗೆ ಹೊರಟರೆ ನಿಧಾನಕ್ಕೆ ಹೋದರೂ ಒಂದೇ ದಿನದ ಸವಾರಿ.

ಸಿದ್ದಾಪುರ ಬಿಟ್ಟು ಸ್ವಲ್ಪ ದೂರಕ್ಕೇ ಬಿಳಗಿ ಸಿಗುತ್ತದೆ. ಹಳೆಯ ಅರಸು ಮನೆತನದ ಊರು. ಅಲ್ಲಿಯ ರತ್ನತ್ರಯ ಬಸದಿಯನ್ನು ನೋಡದೆ ಮುಂದೆ ಹೋಗಬೇಡಿ. ಆಮೇಲೆ ಅಡಿಕೆ ತೋಟ, ಗದ್ದೆ, ಸೊಪ್ಪಿನ ಬೆಟ್ಟ, ಮತ್ತೆ ತೋಟ. ಘಟ್ಟ ಶುರುವಾಗುವ ತನಕ ದಾರಿ ಏರುತ್ತಾ ಇಳಿಯುತ್ತಾ ಹೋಗುತ್ತದೆ. ಇಳಿಜಾರು ಅಂದುಕೊಂಡು ಹೊರಟವರು ಇಲ್ಲೇ ಬೈಯಲು ಶುರು ಮಾಡುತ್ತಾರೆ. ಘಟ್ಟ ಬಂದ ಮೇಲೆ ಬೈಗುಳ ನಿಲ್ಲುತ್ತೆ. ತಿರುವುಗಳಲ್ಲಿ ಬಿಸಿಲು ನೆಲಕ್ಕೆ ಬೀಳದಷ್ಟು ಕಾಡು. ನಿಮ್ಮ ಫ್ರೀವೀಲಿನ ಟಿಕ್ ಟಿಕ್ ಸದ್ದೇ ಜೋರಾಗಿ ಕೇಳಿಸುತ್ತದೆ.

ಇಳಿಯುವಾಗ ಬಲಕ್ಕೆ, ಅಂದರೆ ಉತ್ತರಕ್ಕೆ, ಅಘನಾಶಿನಿ ಕಣಿವೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕುಮಟಾದ ಹತ್ತಿರ ಸಮುದ್ರ ಸೇರುವ ಹೊಳೆ. ಪಕ್ಕದ ಶರಾವತಿಗೂ ಕಾಳಿಗೂ ಸಾಲು ಸಾಲು ಅಣೆಕಟ್ಟು ಬಿದ್ದವು, ಇದಕ್ಕೆ ಬೀಳಲಿಲ್ಲ. ಇಲ್ಲಿಯ ಸಿಂಗಳೀಕಗಳಿಗಾಗಿ ಸರ್ಕಾರ 2011ರಲ್ಲಿ ಸಂರಕ್ಷಿತ ಪ್ರದೇಶ ಘೋಷಿಸಿತು. ಕಪ್ಪು ಮೈ, ಮುಖದ ಸುತ್ತ ಬಿಳಿ ಕೂದಲು. ಕಂಡರೆ ಸುಮ್ನೆ ನಿಂತು ನೋಡಿ, ಬಾಳೆಹಣ್ಣು ಕೊಡಬೇಡಿ. ಉಂಚಳ್ಳಿಗೆ ಹೋಗಬೇಕಾದರೆ ಹೆಗ್ಗರಣಿ ಕಡೆ ಬೇರೆ ದಾರಿ. ಅದನ್ನು ಇದೇ ದಿನಕ್ಕೆ ತುರುಕಬೇಡಿ.

ಕೆಳಗೆ ಸಂತೇಗುಳಿ ದಾಟಿದರೆ ಸೆಕೆ, ತೆಂಗು, ಕರಾವಳಿ. ಕುಮಟಾದಲ್ಲಿ ಒಂದು ದಿನ ಉಳಿದು ಅಘನಾಶಿನಿ ಅಳಿವೆ ನೋಡಿ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ನೀರಿಳಿದ ಹೊತ್ತಿಗೆ ಹೋದರೆ ಸೊಂಟದ ಮಟ್ಟದ ನೀರಲ್ಲಿ ನಿಂತು ಬೆಳಚು (ಚಿಪ್ಪುಮೀನು) ಆರಿಸುವವರು ಕಾಣುತ್ತಾರೆ.

ಬೆಂಗಳೂರಿನವರೂ ಇದನ್ನೇ ಕೇಳಿದ್ದಾರೆ. ಅವರಿಗೆ ರೈಲು ಸಲೀಸು. ತಾಳಗುಪ್ಪದಲ್ಲಿ ಇಳಿದರೆ ಸಿದ್ದಾಪುರ ಹತ್ತಿರ. ವಾಪಸ್ಸು ಕುಮಟಾದಿಂದ ಕೊಂಕಣ ರೈಲ್ವೆಯ ದಾರಿ. ಅಲ್ಲಿ ರೈಲು ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಚಕ್ರ ಬಿಚ್ಚಿ ಸೈಕಲ್ಲನ್ನು ಬ್ಯಾಗಿಗೆ ಹಾಕಿಟ್ಟುಕೊಂಡೇ ಪ್ಲಾಟ್‌ಫಾರಂಗೆ ಹೋಗಿ.

ಇಳಿಯೋದು ಯಾರು ಬೇಕಾದರೂ ಇಳೀತಾರೆ. ನನಗೆ ಹತ್ತಬೇಕು. ನನ್ನ ಗೇರ್ ಸೈಕಲ್ ಸಾಕಾ?
– ಕುಂದಾಪುರದ ಓದುಗರು

ಇಳಿಯೋದನ್ನು ಅಷ್ಟು ಹಗುರ ಮಾಡಬೇಡಿ. ರಿಮ್ ಬ್ರೇಕ್ ಇರುವ ಸೈಕಲ್ಲಿನಲ್ಲಿ ಬ್ರೇಕ್ ಒಂದೇ ಸಮನೆ ಹಿಡಿದುಕೊಂಡು ಇಳಿದರೆ ರಿಮ್ಮು ಕಾದು ಟ್ಯೂಬು ಸಿಡಿಯಬಹುದು. ಹಿಡಿದು, ಬಿಟ್ಟು, ಮತ್ತೆ ಹಿಡಿಯಬೇಕು. ವೇಗವನ್ನು ತಿರುವಿಗೆ ಮುಂಚೆಯೇ ಇಳಿಸಬೇಕು, ತಿರುವಿನ ಒಳಗಲ್ಲ.

ಹತ್ತುವುದಕ್ಕೆ ಹಲ್ಲು ಎಣಿಸಿ, ಸೈಕಲ್ಲಿನದ್ದು! ಮುಂದಿನ ಅತಿ ಸಣ್ಣ ಚಕ್ರದ ಹಲ್ಲು ಹಿಂದಿನ ಅತಿ ದೊಡ್ಡದಕ್ಕಿಂತ ಕಡಿಮೆ ಇದ್ದರೆ ಘಟ್ಟ ಹತ್ತುತ್ತೀರಿ. ಮುಂದೆ 30, ಹಿಂದೆ 34 ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಎರಡು ಮೀಟರಿಗಿಂತ ಸ್ವಲ್ಪ ಕಡಿಮೆ ಮುಂದೆ ಹೋಗುತ್ತದೆ. ಮುಂದೆ 44, ಹಿಂದೆ 18 ಇರುವ ಗೇರಿಲ್ಲದ ಸೈಕಲ್ಲು ಅದೇ ಒಂದು ಸುತ್ತಿಗೆ ಐದು ಮೀಟರ್ ದಾಟುತ್ತದೆ. ಮಂಡಿ ನೋವಿನ ಕಥೆಯೆಲ್ಲ ಈ ವ್ಯತ್ಯಾಸದಲ್ಲೇ ಇದೆ. ಅಂಗಡಿಯಲ್ಲಿ 21 ಗೇರು, 24 ಗೇರು ಅಂತ ಹೇಳಿ ಮಾರುತ್ತಾರೆ. ಎಷ್ಟು ಗೇರು ಅನ್ನುವುದು ಮುಖ್ಯವೇ ಅಲ್ಲ, ಕಡೆಯ ಗೇರು ಎಷ್ಟು ಹಗುರ ಅನ್ನುವುದನ್ನು ಕೇಳಿ.

ಸಾಕಾಗದಿದ್ದರೆ ಹಿಂದಿನ ಕ್ಯಾಸೆಟ್, ಅಂದರೆ ಹಲ್ಲಿನ ಚಕ್ರಗಳ ಗೊಂಚಲು, ಬದಲಾಯಿಸಿ. ಅದೂ ಆಗದಿದ್ದರೆ ಇಳಿದು ತಳ್ಳಿ, ಯಾರೂ ನೋಡುವುದಿಲ್ಲ.

ಅಕ್ಕಾ, ನನಗೆ ಒಬ್ಬಳೇ ಹೋಗಬೇಕು. ಮನೆಯಲ್ಲಿ ಬೇಡ ಅಂತಾರೆ. ಘಟ್ಟದ ದಾರಿ ನಿಜಕ್ಕೂ ಅಪಾಯವಾ?
– ಶಿವಮೊಗ್ಗದ ಉಪನ್ಯಾಸಕಿ

ನಾನೂ ಒಬ್ಬಳೇ ಹೋಗುವವಳು, ಹಾಗಾಗಿ ಮನೆಯವರ ಪರ ವಾದಿಸಲಾರೆ. ನನಗೆ ಹೆದರಿಕೆ ಆಗುವುದು ಮನುಷ್ಯರಿಗಿಂತ ಜಾಸ್ತಿ ಕತ್ತಲೆಗೆ. ಕಾಡಿನ ಕಣಿವೆಯಲ್ಲಿ ಸಂಜೆ ಬೇಗ ಆಗುತ್ತದೆ. ಬೆಟ್ಟದ ಹಿಂದೆ ಸೂರ್ಯ ಸರಿದರೆ ಐದು ಗಂಟೆಗೇ ಮಬ್ಬು. ಮಧ್ಯಾಹ್ನ ಎರಡರೊಳಗೆ ಘಟ್ಟ ಮುಗಿಯುವ ಹಾಗೆ ಹೊರಡಿ. ಫೋನಿಗೆ ನೆಟ್‌ವರ್ಕ್ ಸಿಗದ ಜಾಗ ಬೇಕಾದಷ್ಟಿವೆ. ಅದಕ್ಕೆ ‘ಇಂಥ ಊರಿನಿಂದ ಇಷ್ಟು ಹೊತ್ತಿಗೆ ಫೋನ್ ಮಾಡ್ತೀನಿ, ಅದಕ್ಕೆ ಮೊದಲು ಗಾಬರಿ ಆಗಬೇಡಿ’ ಅಂತ ಮನೆಯಲ್ಲಿ ಹೇಳಿಟ್ಟು ಬನ್ನಿ. ಅರ್ಧ ಜಗಳ ಇದರಲ್ಲೇ ಮುಗಿಯುತ್ತೆ.

ರಾತ್ರಿ ಉಳಿಯುವ ಜಾಗ ಮೊದಲೇ ಗೊತ್ತು ಮಾಡಿಕೊಳ್ಳಿ. ದಾರಿಯಲ್ಲಿ ಸಿಕ್ಕವರೆಲ್ಲ ‘ಇವತ್ತು ಎಲ್ಲಿ ಉಳಿತೀರಿ’ ಅಂತ ಕೇಳುತ್ತಾರೆ. ಕುತೂಹಲಕ್ಕೆ ಕೇಳುವುದೇ ಹೆಚ್ಚು, ಆದರೂ ‘ಮುಂದೆ ನೆಂಟರ ಮನೆ ಇದೆ’ ಅನ್ನುವ ಉತ್ತರ ತಯಾರಿರಲಿ. ನೀರು ಬೇಕಾದರೆ ಅಂಗಳದಲ್ಲಿ ಹೆಂಗಸರು ಕಾಣುವ ಮನೆಗೆ ಹೋಗಿ. ನಮ್ಮ ಕಡೆ ಬಂದವರನ್ನು ಮೊದಲು ಕೇಳುವುದೇ ‘ಆಸರಿಗೆ ಏನು ಬೇಕು’ ಅಂತ. ಬೆಲ್ಲ, ನೀರು ಬರುತ್ತೆ. ನಿಮ್ಮ ಅದೃಷ್ಟ ಚೆನ್ನಾಗಿದ್ದರೆ ಮುರುಗಲ (ಕೋಕಂ) ಪಾನಕ. ಆಮೇಲೆ ಮದುವೆ ಆಗಿದೆಯಾ ಅಂತಲೂ ಕೇಳುತ್ತಾರೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಪಂಕ್ಚರ್ ಹಾಕುವುದನ್ನು ಕಲಿತೇ ಹೊರಡಿ. ಎರಡು ಟ್ಯೂಬು, ಪ್ಯಾಚು, ಪಂಪು ಇಟ್ಟುಕೊಳ್ಳಿ.

ಶಿಮ್ಲಾದಿಂದ ಕಿನ್ನೌರ್ ಮೂಲಕ ಸ್ಪಿತಿ ಕಣಿವೆಗೆ ಸೈಕಲ್ಲಿನಲ್ಲಿ ಹೋಗುವ ಯೋಚನೆ. ಮನಾಲಿಯಿಂದ ಹೋದರೆ ಹತ್ತಿರ ಅಂತ ಗೆಳೆಯರು ಹೇಳ್ತಾರೆ. ಯಾವುದು ಸರಿ?
– ಧಾರವಾಡದ ವಿದ್ಯಾರ್ಥಿ

ಶಿಮ್ಲಾ ಕಡೆಯಿಂದಲೇ ಹೋಗಿ. ಮನಾಲಿಯಿಂದ ಹೊರಟರೆ ಮೈ ಎತ್ತರಕ್ಕೆ ಒಗ್ಗುವ ಮೊದಲೇ ಕುಂಜುಮ್ ಪಾಸ್ ಎದುರಾಗುತ್ತದೆ. ಅದು 4,500 ಮೀಟರಿಗೂ ಮೇಲೆ. ಕಿನ್ನೌರ್ ಕಡೆಯಿಂದಾದರೆ ಎತ್ತರ ಸ್ವಲ್ಪಸ್ವಲ್ಪವೇ ಏರುತ್ತದೆ. 3,000 ಮೀಟರ್ ದಾಟಿದ ಮೇಲೆ ಹಿಂದಿನ ರಾತ್ರಿಗಿಂತ 500 ಮೀಟರಿಗಿಂತ ಹೆಚ್ಚು ಎತ್ತರದಲ್ಲಿ ಮಲಗಬೇಡಿ. ತಲೆನೋವು, ವಾಂತಿ ಶುರುವಾದರೆ ಮೇಲೆ ಹೋಗುವುದೇ ಬೇಡ. ಹಟ ಮಾಡದೆ ಕೆಳಗಿಳಿಯಿರಿ.

ಈ ದಾರಿಯ ಮೊದಲ ಭಾಗ ಶಾಂತ ಅಂತ ಮಾತ್ರ ಅಂದುಕೊಳ್ಳಬೇಡಿ. ಸಟ್ಲೆಜ್ ಕಮರಿಯಲ್ಲಿ ನಾಥ್ಪಾ ಝಾಕ್ರಿ, ಕರ್ಛಾಮ್ ವಾಂಗ್ಟು ಅಂತ ದೊಡ್ಡ ಜಲವಿದ್ಯುತ್ ಯೋಜನೆಗಳಿವೆ. ಟಿಪ್ಪರು, ಧೂಳು ಇದ್ದೇ ಇದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೇಗ ದಾಟಿ. ಖಾಬ್ ಹತ್ತಿರ ಸ್ಪಿತಿ ನದಿ ಬಂದು ಸಟ್ಲೆಜ್ ಸೇರುತ್ತದೆ. ನಿಜವಾದ ಮೌನ ಅಲ್ಲಿಂದ ಮೇಲೆ. ಮರವಿಲ್ಲ, ಬರೀ ಕಲ್ಲಿನ ಗೋಡೆ, ಕೆಳಗೆ ಬೂದಿ ಬಣ್ಣದ ನೀರು. ತಾಬೋದಲ್ಲಿ ಒಂದು ದಿನ ಜಾಸ್ತಿ ಉಳಿಯಿರಿ. ಅಲ್ಲಿಯ ಬೌದ್ಧ ಮಠ ಕ್ರಿ.ಶ. 996ರದ್ದು, ಹೊರಗೆ ಮಣ್ಣಿನ ಗೋಡೆ, ಒಳಗೆ ಕತ್ತಲಲ್ಲಿ ಚಿತ್ರಗಳು.

ಬೆಳಗಿನ ಹೊತ್ತೇ ಸವಾರಿ ಮುಗಿಸಿ. ಮಧ್ಯಾಹ್ನ ಗಾಳಿ ಏಳುತ್ತೆ, ಮೇಲಿಂದ ಕಲ್ಲು ಉರುಳುತ್ತೆ, ಹಿಮ ಕರಗಿ ರಸ್ತೆ ಮೇಲೆ ಹರಿಯುವ ತೊರೆಗಳೂ ಉಕ್ಕುತ್ತವೆ. ನಾಕೋ ಹತ್ತಿರದ ಮಾಲಿಂಗ್ ನಾಲಾ ಕುಸಿತಕ್ಕೆ ಹೆಸರುವಾಸಿ. ಅಲ್ಲಿ ಫೋಟೊಗೆ ನಿಲ್ಲಬೇಡಿ.

ಜರ್ಮನಿಗೆ ಅಪ್ಪ ಅಮ್ಮ ಬರ್ತಿದ್ದಾರೆ. ಅಪ್ಪ ಮೈಸೂರಲ್ಲಿ ಈಗಲೂ ಸೈಕಲ್ಲಲ್ಲೇ ತರಕಾರಿ ತರ್ತಾರೆ. ಬೆಟ್ಟ ಹತ್ತದೆ ಕಣಿವೆ ನೋಡುವ ದಾರಿ ಇದೆಯಾ?
– ಸ್ಟುಟ್‌ಗಾರ್ಟ್‌ನ ಓದುಗರು

ನಿಮ್ಮ ಮನೆ ಹತ್ತಿರವೇ ಇದೆಯಲ್ಲ, ಡ್ಯಾನ್ಯೂಬ್! ನನ್ನ ತಮ್ಮನ ಮಗಳು ಅಲ್ಲಿ ಓದುವಾಗ ನಾನೂ ಹೋಗಿದ್ದೆ. ಟುಟ್‌ಲಿಂಗನ್‌ನಿಂದ ಜಿಗ್ಮಾರಿಂಗನ್ ತನಕದ ತುಂಡು ಆರಿಸಿಕೊಳ್ಳಿ. ಸುಣ್ಣಕಲ್ಲಿನ ಬಿಳಿ ಬಂಡೆಗಳ ನಡುವೆ ನದಿ ಬಳಸಿ ಬಳಸಿ ಹೋಗುತ್ತದೆ, ಪಕ್ಕದಲ್ಲಿ ಸೈಕಲ್ ದಾರಿ. ಫ್ರಿಡಿಂಗನ್–ಬೊಯ್‌ರೋನ್ ನಡುವೆ ಜಲ್ಲಿ ದಾರಿ, ಒಂದೆರಡು ಸಣ್ಣ ಏರು ಇವೆ. ಬೊಯ್‌ರೋನ್‌ನಲ್ಲಿ ದೊಡ್ಡ ಕ್ರೈಸ್ತ ಮಠ ಇದೆ. ಎರಡು ದಿನಕ್ಕೆ ಹಂಚಿಕೊಳ್ಳಿ. ಕಣಿವೆಯ ಉದ್ದಕ್ಕೂ ರೈಲು ದಾರಿ ಇದೆ, ಅಮ್ಮನಿಗೆ ಸಾಕು ಅನಿಸಿದರೆ ಮುಂದಿನ ಸ್ಟೇಷನ್‌ನಲ್ಲಿ ಹತ್ತಿಸಬಹುದು.

ಅಪ್ಪನಿಗೆ ಇಮ್ಮೆಂಡಿಂಗನ್ ತೋರಿಸಲೇಬೇಕು. ಅದು ಟುಟ್‌ಲಿಂಗನ್‌ಗಿಂತ ಸ್ವಲ್ಪ ಮೇಲೆ. ಬೇಸಿಗೆಯಲ್ಲಿ ಡ್ಯಾನ್ಯೂಬ್ ಪೂರ್ತಿ ಅಲ್ಲೇ ನೆಲದೊಳಗೆ ಇಂಗಿಹೋಗುತ್ತದೆ. ನದಿಪಾತ್ರದಲ್ಲಿ ಚಪ್ಪಲಿ ಹಾಕಿಕೊಂಡೇ ನಡೆಯಬಹುದು. ಆ ನೀರು ಹನ್ನೆರಡು ಕಿ.ಮೀ. ದೂರದ ಆಖ್‌ಟಾಪ್ಫ್ ಬುಗ್ಗೆಯಲ್ಲಿ ಎದ್ದು ರೈನ್ ನದಿಗೆ ಸೇರುತ್ತದೆ. ಕಪ್ಪು ಸಮುದ್ರಕ್ಕೆ ಹೊರಟ ನೀರು ಉತ್ತರ ಸಮುದ್ರ ಮುಟ್ಟುವ ಹಾಗಾಯಿತು.

ಘಟ್ಟ ಹಸಿರಾಗಿರೋದು ಜುಲೈನಲ್ಲಿ. ಆಗಲೇ ಹೋಗಬಾರದಾ?
– ತುಮಕೂರಿನ ಓದುಗರು

ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೇ ಬಂದದ್ದು ನೆನಪಿದೆಯಲ್ವಾ? ಅದು ಅಗಲದ ರಸ್ತೆ. ಸಣ್ಣ ಘಟ್ಟಗಳಲ್ಲಿ ಧರೆ ಜರಿದರೆ, ಮರ ಬಿದ್ದರೆ, ತೆಗೆಯಲು ಜನ ಬರುವುದಕ್ಕೇ ಹೊತ್ತಾಗುತ್ತದೆ. ಒದ್ದೆ ಎಲೆ ಮೇಲೆ ಬ್ರೇಕ್ ಹಿಡಿಯುವುದಿಲ್ಲ. ರಕ್ತ ಹೀರುವ ಇಂಬಳದ ಮಾತು ಬೇರೆಯೇ. ದೀಪಾವಳಿ ಕಳೆದ ಮೇಲೆ ಬನ್ನಿ, ತೊರೆಗಳಲ್ಲಿ ನೀರು ಇನ್ನೂ ಇರುತ್ತದೆ, ಅಡಿಕೆ ಗೊನೆ ಕೊಯ್ಲೂ ಸಿಗುತ್ತದೆ.

ಜುಲೈನಲ್ಲೇ ರಜೆ ಅಂದರೆ ಮಲಪ್ರಭೆಯ ಕಡೆ ಹೋಗಿ. ಬಾದಾಮಿಯಿಂದ ಮಹಾಕೂಟದ ಮೇಲೆ ಪಟ್ಟದಕಲ್ಲು, ಅಲ್ಲಿಂದ ಐಹೊಳೆ. ಕೆಂಪು ಬಂಡೆಯ ಸೀಮೆ. ಮಳೆಮೋಡ ನೆರಳು ಕೊಡುತ್ತೆ, ಮಳೆ ಮಾತ್ರ ಕಡಿಮೆ. ಬಾದಾಮಿ ಹತ್ತಿರದ ಬನಶಂಕರಿ ಗುಡಿ ಮುಂದೆ ಬುಟ್ಟಿ ಇಟ್ಟುಕೊಂಡು ಕೂತಿರುವ ಅಜ್ಜಿಯರ ಹತ್ತಿರ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಿಂದು ಹೊರಡಿ. ಹೊಲದ ದಾರಿಯಲ್ಲಿ ಜಾಲಿಮುಳ್ಳು ಇರುತ್ತೆ, ಪ್ಯಾಚು ಜಾಸ್ತಿ ಇಟ್ಟುಕೊಳ್ಳಿ.