ಸೂರ್ಯ ಹಾಡುವುದಿಲ್ಲ, ನಿಮ್ಮ ಅಜ್ಜನ ರೇಡಿಯೊ ಇದೆಯಲ್ಲ

ನಮಸ್ಕಾರ.

ಜಯನಗರದಿಂದ ನೀವು ಕಳಿಸಿದ ‘ಸೂರ್ಯನ ಸಂಗೀತ ಕೇಳಿದ ನೌಕೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪತ್ರಿಕೆಯಲ್ಲಿ ಹಾಕಲಾರೆ. ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ನಾಲ್ಕನೇ ಪುಟದ ಒಂದು ಪ್ಯಾರಾ ನನ್ನನ್ನು ಬಿಡಲಿಲ್ಲ.

ಮೊದಲು ತಪ್ಪುಗಳನ್ನು ಹೇಳಿಬಿಡುತ್ತೇನೆ. 2020ರ ಫೆಬ್ರವರಿಯಲ್ಲಿ ಹಾರಿದ, ಸೂರ್ಯನನ್ನು ಅಧ್ಯಯನ ಮಾಡುವ ಯುರೋಪಿನ ನೌಕೆ ಸೋಲಾರ್ ಆರ್ಬಿಟರ್ ‘ಮೈಕ್ ಹಿಡಿದು ಸೂರ್ಯನ ದನಿ ಆಲಿಸುತ್ತಿದೆ’ ಅಂದಿದ್ದೀರಿ. ಅಲ್ಲಿ ಮೈಕೂ ಇಲ್ಲ, ದನಿಯೂ ಇಲ್ಲ. ರೇಡಿಯೊ ಅಲೆ ಹಿಡಿಯುವ, ತಲಾ 6.5 ಮೀಟರ್ ಉದ್ದದ ಮೂರು ಆಂಟೆನಾಗಳಿವೆ. ಅವುಗಳಲ್ಲಿ ಏಳುವ ವೋಲ್ಟೇಜಿನ ಏರಿಳಿತವನ್ನು ಅಳೆಯುತ್ತಾರೆ. ಕಾಂತಕ್ಷೇತ್ರದ ಕಂಪನಕ್ಕೆ ಬೇರೆ ಸುರುಳಿ ಇದೆ. ನೀವು ಕೇಳಿ ಪುಳಕಗೊಂಡ ಸದ್ದು, ಆ ಅಂಕಿಗಳನ್ನು ಭೂಮಿಯಲ್ಲಿ ಯಾರೋ ಕಿವಿಗೆ ಒಗ್ಗುವಂತೆ ಬದಲಿಸಿದ್ದು. ಇನ್ನೊಂದು: ಆದಿತ್ಯ-ಎಲ್1 ನೌಕೆಗೂ ಇದೇ ಉಪಕರಣ ಅಂಟಿಸಿದ್ದೀರಿ. ಅದರಲ್ಲಿ ಕಾಂತಮಾಪಕವಿದೆ, ಸೌರಮಾರುತದ ಕಣಗಳನ್ನು ಅಳೆಯುವ ಉಪಕರಣಗಳಿವೆ. ಸೂರ್ಯನ ರೇಡಿಯೊ ಅಲೆ ಹಿಡಿಯುವ ಉಪಕರಣವಿಲ್ಲ. ನಮ್ಮೂರಿನ ಇಸ್ರೊ ಮೇಲೆ ನನಗೂ ಅಭಿಮಾನವಿದೆ. ಇಲ್ಲದ ಒಡವೆ ತೊಡಿಸುವುದು ಬೇಡ.

ಇನ್ನು ಆ ಪ್ಯಾರಾ. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದೊಡನೆ ನಡುಮನೆಯ ರೇಡಿಯೊ ಗರಗರ ಅನ್ನುತ್ತಿದ್ದುದು, ಅಜ್ಜ ‘ಸ್ವಲ್ಪ ನಿಲ್ಸಮ್ಮಾ, ವಾರ್ತೆ ಬರ್ತಿದೆ’ ಎಂದು ಕೂಗುತ್ತಿದ್ದುದು. ನಾಲ್ಕೇ ಸಾಲು ಬರೆದು ಓಡಿಬಿಟ್ಟಿದ್ದೀರಲ್ಲ! ನೌಕೆಯ ಪಾಡೂ ಅದೇ. ಅದರ ವಿದ್ಯುತ್ ಪರಿವರ್ತಕಗಳು, ಮೋಟಾರುಗಳೆಲ್ಲ ಮಿಕ್ಸಿಗಳೇ. ತನ್ನದೇ ಗದ್ದಲದ ನಡುವೆ ಅದು ಸೂರ್ಯನ ಕ್ಷೀಣ ಸಂಕೇತವನ್ನು ಹೆಕ್ಕಬೇಕು. ಧೂಳಿನ ಕಣವೊಂದು ಬಡಿದರೂ ವೋಲ್ಟೇಜ್ ಚಕ್ಕನೆ ಜಿಗಿಯುತ್ತದೆ. ಲೇಖನ ಶುರುವಾಗಬೇಕಿದ್ದುದು ಇಲ್ಲಿಂದ.

ಅದೇ ರೇಡಿಯೊ ಹಿಡಿದು ಮುಂದೆ ಹೋಗಿ. ಸೌರಜ್ವಾಲೆ ಎದ್ದಾಗ ಚಿಮ್ಮುವ ಎಲೆಕ್ಟ್ರಾನುಗಳು ದಾರಿಯ ಪ್ಲಾಸ್ಮಾವನ್ನು, ಅಂದರೆ ವಿದ್ಯುದಾವೇಶವುಳ್ಳ ಕಣಗಳ ಅನಿಲವನ್ನು, ಅಲುಗಿಸುತ್ತವೆ. ಪ್ಲಾಸ್ಮಾಕ್ಕೆ ತನ್ನದೇ ಕಂಪನಾಂಕವಿದೆ: ಘನ ಸೆಂಟಿಮೀಟರಿನಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆಯೋ ಅದರ ವರ್ಗಮೂಲವನ್ನು 9ರಿಂದ ಗುಣಿಸಿ, ಕಿಲೋಹರ್ಟ್ಸ್‌ನಲ್ಲಿ ಸಿಗುತ್ತದೆ. ನೂರು ಇದ್ದರೆ 90. ಒಂಬತ್ತೇ ಇದ್ದರೆ 27. ಸೂರ್ಯನಿಂದ ದೂರವಾದಷ್ಟೂ ಪ್ಲಾಸ್ಮಾ ತೆಳುವಾಗುತ್ತದೆ, ಅಲ್ಲಿಂದ ಹೊಮ್ಮುವ ರೇಡಿಯೊ ಅಲೆಯ ಕಂಪನಾಂಕವೂ ಇಳಿಯುತ್ತದೆ. ಹತ್ತಾರು ಮೆಗಾಹರ್ಟ್ಸ್‌ನಿಂದ ಜಾರುತ್ತಾ, ಅಜ್ಜನ ರೇಡಿಯೊದಲ್ಲಿ ಬೆಂಗಳೂರು ಆಕಾಶವಾಣಿ ಸಿಗುತ್ತಿದ್ದ 612 ಕಿಲೋಹರ್ಟ್ಸನ್ನೂ ದಾಟಿ, ಭೂಮಿಯ ಆಸುಪಾಸಿನಲ್ಲಿ ಹತ್ತಾರು ಕಿಲೋಹರ್ಟ್ಸ್‌ಗೆ ಬರುತ್ತದೆ. ಹಾಗೆ ಜಾರುವುದನ್ನು ನೋಡಿಯೇ ಎಲೆಕ್ಟ್ರಾನುಗಳು ಎಲ್ಲಿಯವರೆಗೆ ಬಂದವೆಂದು ಅಂದಾಜಿಸುತ್ತಾರೆ. ನಿಮ್ಮ ಲೇಖನದಲ್ಲಿ ‘ಅದ್ಭುತ’ 11 ಸಲ ಇದೆ, ಈ ಲೆಕ್ಕ ಒಂದು ಸಲವೂ ಇಲ್ಲ.

ಗೌರಿಬಿದನೂರನ್ನು ಹೆಸರಿಸಿ ಬಿಟ್ಟಿದ್ದೀರಿ. ಅನುಮತಿ ಕೇಳಿ ಒಮ್ಮೆ ಹೋಗಿಬನ್ನಿ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರ ಆಂಟೆನಾ ಸಾಲುಗಳು ಅಲ್ಲಿವೆ; ಸುಮಾರು 40 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ಸೂರ್ಯನನ್ನು ನೋಡುತ್ತವೆ. ಸುಮಾರು 10 ಮೆಗಾಹರ್ಟ್ಸ್‌ಗಿಂತ ಕೆಳಗಿನದನ್ನು ಭೂಮಿಯ ಮೇಲ್ವಾತಾವರಣದ ಅಯಾನುಗೋಳ ಒಳಗೆ ಬಿಡುವುದಿಲ್ಲ. ಹಾಗಾಗಿಯೇ ನೌಕೆ ಬೇಕಾಯಿತು. ಇದು ನಿಮ್ಮ ಎರಡನೇ ಪ್ಯಾರಾ.

ಒಂಬೈನೂರು ಪದ ಸಾಕು. ಶೀರ್ಷಿಕೆ ನನಗೆ ಬಿಡಿ. ಅಂದಹಾಗೆ, ಅಜ್ಜನ ರೇಡಿಯೊ ಯಾವ ಕಂಪನಿಯದೆಂದು ಬರೆದಿಲ್ಲ. ಅದನ್ನೂ ಸೇರಿಸಿ.