ತೊಡೆಯ ಸೂಜಿ, ತಾಯಿಯ ಪಲ್ಲೆ

ಹಾನಗಲ್ಲಿನ ಓದುಗರೊಬ್ಬರ ಪತ್ರ: “ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮೊಮ್ಮಗಳಿಗೆ ಇಪ್ಪತ್ತು ದಿನ. ಹುಟ್ಟಿದ ಕೂಡಲೇ ವಿಟಮಿನ್ ‘ಕೆ’ ಚುಚ್ಚುಮದ್ದು ಕೊಡಬೇಕಂತೆ. ಕೊಟ್ಟರೋ ಇಲ್ಲವೋ ತಿಳಿಯದು. ಮಗಳಿಗೆ ದಿನವೂ ಸಬ್ಬಸಗಿ, ಮೆಂತ್ಯ ಪಲ್ಲೆ ಮಾಡಿ ಬಡಿಸುತ್ತೇನೆ. ಅಷ್ಟು ಸಾಲದೇ? ಮುಂದಿನ ವಾರ ಕಿವಿ ಚುಚ್ಚಿಸಬೇಕೆಂದಿದ್ದೇವೆ.”

ತಾಯಿ, ಸಂಚಿಕೆ ಅಚ್ಚಾಗುವವರೆಗೆ ಕಾಯುವ ವಿಷಯ ಇದಲ್ಲವೆಂದು ನಿಮಗೆ ಫೋನಿನಲ್ಲೇ ಹೇಳಿದ್ದಾಯಿತು. ತೊಟ್ಟಿಲು ತೂಗುವ ಉಳಿದ ಮನೆಗಳಿಗೂ ಬೇಕಾದದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕಿವಿ ಚುಚ್ಚಿಸುವುದನ್ನು ಮುಂದೂಡಿ; ‘ಕೆ’ ಸಾಲದ ಕೂಸಿಗೆ ರಕ್ತ ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ. ಮೊದಲು ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಕಾಗದವನ್ನೂ ತಾಯಿ ಕಾರ್ಡನ್ನೂ ತೆಗೆದು ನೋಡಿ. ಮಗುವಿನ ವಿವರ ಬರೆದ ಕಡೆ ‘ವಿಟ್ ಕೆ 1 ಎಂಜಿ’ ಎಂಬಂಥ ಸಾಲು ಇದೆಯೇ? (ಒಂದು ಕಿಲೋಗಿಂತ ಕಡಿಮೆ ತೂಗುವ ಕೂಸಿಗೆ ಅದರ ಅರ್ಧ.) “ತೊಡೆಗೆ ಸೂಜಿ ಹಾಕಿದ್ದು ನಾನೇ ಕಂಡಿದ್ದೇನೆ” ಎಂದು ನೀವು ಫೋನಿನಲ್ಲಿ ಹೇಳಿದಿರಿ. ಹೆಪಟೈಟಿಸ್ ಬಿ ಲಸಿಕೆಯನ್ನೂ ತೊಡೆಗೇ ಹಾಕುತ್ತಾರೆ. ಕಂಡದ್ದು ಅದೂ ಆಗಿರಬಹುದು. ವೈದ್ಯರ ಅಕ್ಷರ ಬಿಡಿಸಲಾಗದಿದ್ದರೆ ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ತೋರಿಸಿ. ಕೊಟ್ಟದ್ದು ಎಲ್ಲೂ ದಾಖಲಾಗಿರದಿದ್ದರೆ ಅಂದೇ ಮಕ್ಕಳ ವೈದ್ಯರಲ್ಲಿಗೆ ಹೋಗಿ. ತಡವಾದರೂ ಕೊಡಬಹುದು.

ಇನ್ನು ಪಲ್ಲೆ. ಸೊಪ್ಪಿನಲ್ಲಿ ‘ಕೆ’ ಧಾರಾಳವಾಗಿದೆ, ನಿಮ್ಮ ಮಾತು ಸರಿ. ಆದರೆ ಅದು ತಾಯಿಯ ಮೈಯಲ್ಲೇ ಉಳಿಯುತ್ತದೆ. ಗರ್ಭದಲ್ಲಿ ಮಾಸನ್ನು ದಾಟಿ ಕೂಸಿಗೆ ತಲುಪುವುದು ಅತ್ಯಲ್ಪ. ಒಂದು ಲೀಟರ್ ಎದೆಹಾಲಿನಲ್ಲಿರುವುದೂ ಕೆಲವೇ ಮೈಕ್ರೋಗ್ರಾಂ. ಆ ಒಂದು ಸೂಜಿಯಲ್ಲಿರುವುದು ಸಾವಿರ ಮೈಕ್ರೋಗ್ರಾಂ! ಹಾಗೆಂದು ಎದೆಹಾಲು ಬಿಡಿಸುವ ಯೋಚನೆ ಯಾರಿಗೂ ಬಾರದಿರಲಿ. ಹಾಲೂ ಬೇಕು, ಸೂಜಿಯೂ ಬೇಕು. ಪಲ್ಲೆ ಬಾಣಂತಿಯ ಆರೋಗ್ಯಕ್ಕೆ ಇರಲಿ.

ವಿಟಮಿನ್ ‘ಕೆ’ ಸೂಜಿ ಲಸಿಕೆಯಲ್ಲ. ರಕ್ತ ಹೆಪ್ಪುಗಟ್ಟಿಸುವ ನಾಲ್ಕು ಪ್ರೋಟೀನುಗಳನ್ನು ಯಕೃತ್ತು ಪೂರ್ತಿ ಸಿದ್ಧಪಡಿಸಬೇಕಾದರೆ ‘ಕೆ’ ಬೇಕು. ಕೋಳಿಮರಿಗಳ ರಕ್ತಸ್ರಾವವನ್ನು ಗಮನಿಸಿ ಇದನ್ನು ಕಂಡುಹಿಡಿದ ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಅವರಿಗೆ 1943ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಹೆಪ್ಪುಗಟ್ಟುವಿಕೆಗೆ ಅವರ ಭಾಷೆಯ ಪದ ‘ಕೋಆಗುಲೇಷನ್’ (Koagulation). ‘ಕೆ’ ಅದರ ಮೊದಲಕ್ಷರ.

ಮೊದಲ ವಾರ ಏನೂ ಆಗಲಿಲ್ಲವೆಂದು ಹಿರಿಯರು ನಿಶ್ಚಿಂತರಾಗುತ್ತಾರೆ. ನನ್ನನ್ನು ಹೆಚ್ಚು ಹೆದರಿಸುವುದು ಅದೇ. ಸೂಜಿ ಬೀಳದ, ಬರೀ ಎದೆಹಾಲು ಕುಡಿಯುವ ಮಗುವಿಗೆ ಎರಡರಿಂದ ಹನ್ನೆರಡು ವಾರದೊಳಗೆ, ಕೆಲವೊಮ್ಮೆ ಆರು ತಿಂಗಳವರೆಗೂ, ರಕ್ತಸ್ರಾವವಾಗಬಹುದು. ಅದೂ ಎಷ್ಟೋ ಸಲ ಮಿದುಳಿನಲ್ಲಿ. ನಿಮ್ಮ ಮೊಮ್ಮಗಳಿಗೆ ಈಗ ಅದೇ ವಯಸ್ಸು. ಹೊಕ್ಕುಳಲ್ಲಿ ರಕ್ತ ಒಸರುವುದು, ಮೂಗಿನಲ್ಲಿ ಒಂದೆರಡು ಹನಿ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ, ಕಪ್ಪಾದ ಮಲ: ಇವು ಮುನ್ಸೂಚನೆಗಳು. “ಉಷ್ಣ ಆಗಿದೆ” ಎಂದು ಸುಮ್ಮನಾಗಬೇಡಿ. ಮಗು ಮೊಲೆ ಹಿಡಿಯದೆ ಮಂಕಾದರೆ, ಮೇಲಿಂದ ಮೇಲೆ ವಾಂತಿ ಮಾಡಿದರೆ, ನೆತ್ತಿ ಉಬ್ಬಿದರೆ, ಸೆಟೆದುಕೊಂಡರೆ ಬೆಳಗಾಗುವುದನ್ನು ಕಾಯದೆ ಹಾವೇರಿಯ ಜಿಲ್ಲಾ ಆಸ್ಪತ್ರೆಗೋ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೋ ಕರೆದೊಯ್ಯಿರಿ. ಬಸುರಿನಲ್ಲಿ ಮಗಳು ಮೂರ್ಛೆರೋಗಕ್ಕೋ ಕ್ಷಯಕ್ಕೋ ಮಾತ್ರೆ ನುಂಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಆ ಕಾಗದ ಕೈಯಲ್ಲಿರಲಿ.